ಮೂರನೆಯ ಕಲ್ಲು

ಕಳೆದ ಬೇಸಿಗೆ ರಜೆಯಲ್ಲಿ ಸುಲೇಪೇಟದ ನಮ್ಮ ಮನೆಯ ಅಂಗಳದಲ್ಲಿ ಕೂತು ಒಂದು ಹಳೆಯ ಫಿಯೆಟ್ ಕಾರಿನ ಎಂಜಿನ್ ಹೆಡ್ ಬಿಚ್ಚಿದೆ. ನಾನು ಮೆಕ್ಯಾನಿಕ್ ಅಲ್ಲ. ಇಪ್ಪತ್ತು ವರ್ಷಗಳಿಂದ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾ ಬಂದವನು. ಬೇವಿನ ಮರದ ಕೆಳಗೆ ಇಪ್ಪತ್ತು ವರ್ಷ ನಿಂತಿದ್ದ ಆ ಕಾರನ್ನು ಗುಜರಿಗೆ ಹಾಕೋಣವೆಂದು ತಮ್ಮ ಹೇಳಿದ. ಎಂಬತ್ತೆರಡರ ಅಪ್ಪ ಏನೂ ಮಾತಾಡಲಿಲ್ಲ, ಆದರೆ ಆ ದಿನ ಮಧ್ಯಾಹ್ನ ಊಟ ಬಿಟ್ಟರು. ಒಮ್ಮೆ ಚಾಲೂ ಮಾಡಿ ನೋಡೋಣ, ಆಗದಿದ್ದರೆ ಕೊಟ್ಟುಬಿಡೋಣ ಎಂದು ನಾನೇ ಒಪ್ಪಿಕೊಂಡೆ.

ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಹುಡುಗರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: ಆಕರ ಎಂದರೆ ಏನು? ಶಾಸನ, ತಾಮ್ರಪಟ, ನಾಣ್ಯ, ನಿಜಾಮನ ಫರ್ಮಾನು ಎಂದು ಉತ್ತರ ಬರುತ್ತದೆ. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯವರಿಗೆ ಇತಿಹಾಸವೆಂದರೆ ಮಳಖೇಡದ ರಾಷ್ಟ್ರಕೂಟರು, ಆಮೇಲೆ ನೇರವಾಗಿ 1948ರ ಸೆಪ್ಟೆಂಬರ್ 17. ನಡುವಿನದೂ ಆಮೇಲಿನದೂ ಇತಿಹಾಸವೆಂದು ಯಾರಿಗೂ ಅನ್ನಿಸುವುದಿಲ್ಲ. ಒಡೆದ ಮಡಕೆಯೂ ಆಕರವೇ ಎಂದು ಅವರಿಗೆ ಹೇಳುತ್ತಾ ಬಂದ ನನಗೆ, ನಮ್ಮದೇ ಅಂಗಳದಲ್ಲಿದ್ದ ಒಂದು ಅಲ್ಯೂಮಿನಿಯಂ ತುಂಡೂ ಆಕರವಾಗಬಹುದು, ಅದೂ ನನ್ನ ವಿರುದ್ಧವೇ ಸಾಕ್ಷಿ ಹೇಳಬಹುದು ಎಂದು ಹೊಳೆದಿರಲಿಲ್ಲ.

*

ಕಾರು 1978ರ ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಅದನ್ನು ಪದ್ಮಿನಿ ಎಂದವರು ಕಡಿಮೆ, ಎಲ್ಲರಿಗೂ ಅದು ಫಿಯೆಟ್ಟೇ. ಹೈಸ್ಕೂಲ್ ಮಾಸ್ತರಾಗಿದ್ದ ಅಪ್ಪ ಒಂದು ವರ್ಷ ತೊಗರಿ ಕೈಹಿಡಿದಾಗ ಸೊಲ್ಲಾಪುರದಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದರು.

ಆ ಎಂಜಿನಿನ ವಯಸ್ಸು ಕಾರಿನ ವಯಸ್ಸಿಗಿಂತ ಬಹಳ ಹೆಚ್ಚು. ಇಟಲಿಯ ತೂರಿನ್ ನಗರದ ಫಿಯೆಟ್ ಕಂಪನಿ 1937ರಲ್ಲಿ 508 ಸಿ ಎಂಬ ಸಣ್ಣ ಕಾರಿಗೆ ನಾಲ್ಕು ಸಿಲಿಂಡರಿನ ಒಂದು ಎಂಜಿನ್ ಮಾಡಿತು. ಸಿಲಿಂಡರಿನ ಅಗಲ 68 ಮಿ.ಮೀ., ಪಿಸ್ಟನ್ ಓಡಾಡುವ ದೂರ 75 ಮಿ.ಮೀ., ಒಟ್ಟು 1089 ಸಿ.ಸಿ. ಕೆಳಗಿನ ಬ್ಲಾಕು ಬೀಡುಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಂದು. 1953ರಲ್ಲಿ ಬಂದ ಫಿಯೆಟ್ 1100 ಕಾರಿಗೂ ಇದೇ ಅಳತೆಯ ಎಂಜಿನ್. ಮರುವರ್ಷ ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು ಇಲ್ಲಿ ತಯಾರಿಸತೊಡಗಿತು. 1974ರಲ್ಲಿ ಹೆಸರು ಪದ್ಮಿನಿ ಎಂದಾಯಿತು. ಹೆಸರು ಬದಲಾದರೂ ಒಳಗಿನ ಎಂಜಿನ್ ಹೆಚ್ಚೇನೂ ಬದಲಾಗಲಿಲ್ಲ. ತೂರಿನ್ನಿನವರು ಅದನ್ನು ಎಂದೋ ಕೈಬಿಟ್ಟ ಮೇಲೂ ನಮ್ಮ ರಸ್ತೆಗಳಲ್ಲಿ ಅದು ಹೊಸ ಕಾರಾಗಿಯೇ ಮಾರಾಟವಾಗುತ್ತಿತ್ತು.

ಇದರ ಹಿಂದೆ ಕನ್ನಡ ನಾಡಿಗೆ ತಪ್ಪಿಹೋದ ಒಂದು ಕಥೆಯೂ ಇದೆ. 1935ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೈಸೂರು ಸಂಸ್ಥಾನ ಆಸಕ್ತಿ ತೋರಿಸಿತು, ಬ್ರಿಟಿಷ್ ಭಾರತ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಕಾರಿನ ಕಂಪನಿ ಮಾತ್ರ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು.

ಸ್ವಾತಂತ್ರ್ಯದ ನಂತರ ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇದ್ದವರಿಗಷ್ಟೇ ಕಾರು ಮಾಡಲು ಅನುಮತಿ ಎಂಬ ನೀತಿ ಬಂತು. 1928ರಿಂದ ಮುಂಬಯಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ 1954ರ ಹೊತ್ತಿಗೆ ಬಾಗಿಲು ಹಾಕಿತು. ಉಳಿದದ್ದು ಮುಖ್ಯವಾಗಿ ಅಂಬಾಸಿಡರು, ಫಿಯೆಟ್ಟು, ಮದ್ರಾಸಿನ ಸ್ಟ್ಯಾಂಡರ್ಡು. ಹೊಸ ಫಿಯೆಟ್ ಬೇಕಾದವರು ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಲೈಸೆನ್ಸ್ ರಾಜ್ ಎಂದು ನಾವೀಗ ಬಯ್ಯುವುದು ಇದನ್ನೇ, ಬಯ್ಯಲು ಕಾರಣವೂ ಇದೆ.

ಆದರೆ ಅದರ ಇನ್ನೊಂದು ಮಗ್ಗುಲನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಒಂದೇ ಎಂಜಿನ್ ನಲವತ್ತು ವರ್ಷ ಬದಲಾಗದೆ ಉಳಿದದ್ದರಿಂದ ಅದು ಕಂಪನಿಯವರ ಕೈಯಿಂದ ಊರೂರಿನ ಮಿಸ್ತ್ರಿಗಳ ಕೈಗೆ ಬಂತು. ಪುಸ್ತಕ ಓದಲು ಬಾರದವರೂ ಅದನ್ನು ಕಣ್ಣು ಮುಚ್ಚಿ ಬಿಚ್ಚಿ ಕೂಡಿಸುತ್ತಿದ್ದರು. ಸುಲೇಪೇಟದಂಥ ಊರಿನಲ್ಲಿ ಒಬ್ಬ ಮಾಸ್ತರರು ಕಾರು ಇಟ್ಟುಕೊಳ್ಳಲು ಸಾಧ್ಯವಾದದ್ದು ಅಂಥ ಒಬ್ಬ ಮನುಷ್ಯ ಊರಲ್ಲಿದ್ದ ಕಾರಣಕ್ಕೆ.

*

ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು, ಅಪ್ಪ ಮಿಸ್ತ್ರಿ ಎನ್ನುತ್ತಿದ್ದರು. ಅವರ ತಂದೆ ವಾಡಿಯ ರೈಲ್ವೆ ಲೋಕೊ ಶೆಡ್ಡಿನಲ್ಲಿ ಉಗಿಬಂಡಿಗಳ ಬಾಯ್ಲರ್ ತೊಳೆಯುವ ಕೆಲಸದಲ್ಲಿದ್ದರಂತೆ. ಚಾಚಾ ಸಣ್ಣವರಿದ್ದಾಗ ಅಲ್ಲೇ ಪಾನಾ ಹಿಡಿಯುವುದು ಕಲಿತರು. ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ನಾಲ್ಕು ಇಯತ್ತೆ ಓದಿದ್ದರು. ನಮ್ಮ ಕಾರು ಬಂದ ದಿನ ಬಾನೆಟ್ ಎತ್ತಿ ನೋಡಿ, ರೆಡಿಯೇಟರಿನ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ ನನ್ನನ್ನು ಕರೆದರು.

"ಬೇಟಾ, ಇದಕ್ಕ ಬೋರಿಂಗ್ ನೀರ್ ಹಾಕಬ್ಯಾಡ. ಮಳಿ ನೀರ್ ಹಿಡಿದಿಡು. ಇಲ್ಲಾಂದ್ರ ಕೆರಿ ನೀರ್ ಸೋಸಿ ಹಾಕು. ಬೋರಿಂಗ್ ನೀರ್ ಕುಡದ್ರ ಗಾಡಿ ಕಲ್ಲಾಗ್ತದ."

ದಿನಾ ಬೆಳಿಗ್ಗೆ ರೆಡಿಯೇಟರಿಗೆ ನೀರು ತುಂಬುವುದು ನನ್ನ ಕೆಲಸವಾಯಿತು. ಹಳೆಯ ಕಾರು, ಎಲ್ಲಿಂದಲೋ ಸೋರುತ್ತಿತ್ತು, ದಿನಕ್ಕೆ ಒಂದು ಚೊಂಬಾದರೂ ಬೇಕು. ಮೊದಲ ಒಂದು ತಿಂಗಳು ಕೆರೆಯ ನೀರು ತಂದು ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸೋಸಿ ಹಾಕಿದೆ. ಆಮೇಲೆ ಬೇಸರವಾಯಿತು. ಬೋರಿಂಗು ಅಂಗಳದ ಮೂಲೆಯಲ್ಲೇ ಇತ್ತು. ಅಪ್ಪ ಕೇಳಿದಾಗಲೆಲ್ಲ ಹಾಕಿದೀನ್ರಿ ಎಂದಷ್ಟೇ ಹೇಳುತ್ತಿದ್ದೆ. ಯಾವ ನೀರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

1993ರಲ್ಲಿ ಚಾಚಾ ಆ ಎಂಜಿನಿನ ಹೆಡ್ ಬಿಚ್ಚಿ ವಾಲ್ ಗ್ರೈಂಡಿಂಗ್ ಮಾಡಿ ಕೂಡಿಸಿದರು. ಆಗ ನಾನು ಗುಲಬರ್ಗಾದಲ್ಲಿ ಪರೀಕ್ಷೆಗೆ ಕೂತಿದ್ದೆ. ಮರುವರ್ಷ ಎಂಜಿನಿಯರಿಂಗ್ ಸೀಟಿನ ಸಂದರ್ಶನಕ್ಕೆ ಬೆಂಗಳೂರಿಗೆ ಹೋಗಬೇಕಾಗಿತ್ತು. ವಾಡಿಯಲ್ಲಿ ರಾತ್ರಿ ರೈಲು. ಅಪ್ಪ ಕಾರಿನಲ್ಲೇ ಬಿಡುತ್ತೇನೆಂದರು. ಸೇಡಂ ದಾಟಿ ಮಳಖೇಡ ಮುಟ್ಟುವ ಹೊತ್ತಿಗೆ ಬಾನೆಟ್ಟಿನಿಂದ ಹಬೆ ಎದ್ದಿತು. ಗ್ಯಾಸ್ಕೆಟ್ ಹೋಗಿತ್ತು. ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಎಣ್ಣೆಯೊಳಗೆ ನೀರು ಸೇರಿ ಮೊಸರಿನ ಹಾಗೆ ಆಗಿತ್ತು. ಕಾಗಿಣಾ ನದಿಯ ದಂಡೆಯಲ್ಲಿ ಕತ್ತಲಾಗುವವರೆಗೆ ಕೂತೆವು. ಲಾರಿ ಹತ್ತಿ ವಾಡಿ ಮುಟ್ಟಿದಾಗ ರೈಲು ಹೋಗಿ ಒಂದು ತಾಸಾಗಿತ್ತು.

ಕಾರನ್ನು ಎಳೆದುಕೊಂಡು ಊರಿಗೆ ಬಂದ ದಿನ ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ನಾಲ್ಕು ಜನರ ಮುಂದೆ ಚಾಚಾನಿಗೆ ಅನ್ನಬಾರದ್ದು ಅಂದರು. "ವರ್ಷ ಆಗಿಲ್ಲ ಹೆಡ್ ಮಾಡಿ. ರೊಕ್ಕ ತಗೊಂಡು ಎಂಥಾ ಕೆಲಸ ಮಾಡೀದಿ? ನನ್ನ ಮಗನ ಬಾಳೇವು ಕೆಡಿಸ್ದಿ." ಚಾಚಾ ತಲೆ ಬಗ್ಗಿಸಿ ನಿಂತಿದ್ದರು. ಕೊನೆಗೆ ಇಷ್ಟೇ ಅಂದರು: "ಮಾಸ್ತರ್ರೆ, ನೀರ್ ಯಾವ್ದು ಹಾಕೀರಿ, ಅದು ಒಮ್ಮೆ ಕೇಳ್ರಿ." ಅಪ್ಪ ನನ್ನ ಕಡೆ ನೋಡಿದರು. ನಾನು, "ಅವರು ಹೇಳಿದ್ದೇ ಹಾಕೀನ್ರಿ" ಎಂದೆ.

ಆ ಮೇಲೆ ಚಾಚಾ ನಮ್ಮ ಮನೆಗೆ ಬರಲಿಲ್ಲ. ಬೇರೆ ಊರಿನ ಒಂದು ಗ್ಯಾರೇಜಿನವರು ಗ್ಯಾಸ್ಕೆಟ್ ಒಂದನ್ನು ಬದಲಿಸಿ ಕೊಟ್ಟರು. ಕಾರು ಕಾಯುತ್ತ, ನಿಲ್ಲುತ್ತ ಇನ್ನೂ ಕೆಲವು ವರ್ಷ ಓಡಿ ಬೇವಿನ ಮರದ ಕೆಳಗೆ ಸೇರಿತು. ನಾನು ಗುಲಬರ್ಗಾದಲ್ಲಿ ಬಿ.ಎ. ಸೇರಿದೆ, ಇತಿಹಾಸ ಹಿಡಿದೆ. ಮಿಸ್ತ್ರಿ ಕೆಲಸ ಕೆಡಿಸಿದ್ದರಿಂದ ಮಗ ಎಂಜಿನಿಯರ್ ಆಗಲಿಲ್ಲ ಎಂಬುದು ನಮ್ಮ ಮನೆಯ ಸ್ಥಾಪಿತ ಇತಿಹಾಸವಾಯಿತು. ಅಪ್ಪ ಹೇಳುತ್ತಿದ್ದರು, ನಾನು ಹೌದು ಎನ್ನುತ್ತಿದ್ದೆ. ಹೇಳುತ್ತ ಹೇಳುತ್ತ ನನಗೂ ಅದು ನಿಜವೇ ಅನ್ನಿಸಿಬಿಟ್ಟಿತ್ತು. ಚಾಚಾ ತೀರಿಕೊಂಡು ಈಗ ಹತ್ತು ವರ್ಷ.

*

ಹೆಡ್ ಎಂದರೆ ಎಂಜಿನಿನ ಮುಚ್ಚಳ. ಅದರ ಕೆಳಗೆ ಬೆಂಕಿ ಹೊತ್ತುತ್ತದೆ, ಹೊಟ್ಟೆಯೊಳಗೆ ನೀರು ಹರಿಯುತ್ತದೆ, ಎಂಟು ವಾಲ್‌ಗಳು ಗಾಳಿ-ಪೆಟ್ರೋಲನ್ನು ಒಳಗೆ ಬಿಡುತ್ತವೆ, ಹೊಗೆಯನ್ನು ಹೊರಗೆ ಹಾಕುತ್ತವೆ. ಬೆಂಕಿ, ನೀರು, ಎಣ್ಣೆ ಮೂರೂ ಅಂಗೈ ಅಗಲದೊಳಗೆ ಒಂದಕ್ಕೊಂದು ತಾಗದಂತೆ ಓಡಾಡಬೇಕು. ಅವನ್ನು ಬೇರೆಯಾಗಿ ಇಡುವುದು ಹೆಡ್ಡಿಗೂ ಬ್ಲಾಕಿಗೂ ನಡುವಿನ ತೆಳ್ಳನೆಯ ಗ್ಯಾಸ್ಕೆಟ್. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನೀರು ಸರಿಯಾಗಿ ಹರಿಯುತ್ತಿದ್ದರೆ ಈ ಹೆಚ್ಚುಕಡಿಮೆಯನ್ನು ಎಂಜಿನ್ ತಾಳಿಕೊಳ್ಳುತ್ತದೆ. ಹರಿಯದಿದ್ದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ.

ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಬ್ಯಾಟರಿ ತೆಗೆದು, ನೀರು ಇಳಿಸಿ, ಕಾರ್ಬ್ಯುರೇಟರು, ಸೈಲೆನ್ಸರ್ ಪೈಪು ಬಿಡಿಸಿದೆ. ರಾಕರ್ ಶಾಫ್ಟ್ ಎತ್ತಿದ ಮೇಲೆ ಕೆಳಗಿನ ಎಂಟು ಪುಶ್‌ರಾಡುಗಳನ್ನು ಒಂದು ರಟ್ಟಿಗೆ ತೂತು ಮಾಡಿ ಅದೇ ಸಾಲಿನಲ್ಲಿ ಸಿಕ್ಕಿಸಿಟ್ಟೆ. ಅಷ್ಟು ವರ್ಷ ಜೊತೆಗೂಡಿ ಸವೆದ ಜೋಡಿಗಳು ಅವು, ಅದಲುಬದಲಾಗಬಾರದು. ಹೆಡ್ಡಿನ ಬೋಲ್ಟುಗಳನ್ನು ಹೊರಗಿನಿಂದ ನಡುವಿನ ಕಡೆಗೆ, ಒಂದೊಂದನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಕೂಡಿಸುವಾಗ ಇದರ ತಿರುವು, ನಡುವಿನಿಂದ ಹೊರಕ್ಕೆ. ಎರಡು ದಿನ ಸೀಮೆಎಣ್ಣೆ ಕುಡಿಸಿ, ಮರದ ಕೊಡತಿಯಿಂದ ಬದಿಗೆ ಮೆಲ್ಲಗೆ ತಟ್ಟಿದ ಮೇಲೆ ಅದು ಒಂದು ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿ ಎದ್ದಿತು.

ಹೆಡ್ಡನ್ನು ಬೋರಲು ಹಾಕಿದೆ. ನೀರು ಹರಿಯುವ ತೂತುಗಳು ಇರಬೇಕಾದ ಕಡೆ ಬೆಳ್ಳನೆಯ, ಬೂದು ಮಿಶ್ರಿತ ಒಂದು ವಸ್ತು ತುಂಬಿಕೊಂಡಿತ್ತು. ಮುಂದಿನ ಕಡೆ ಬಟಾಣಿ ಹೋಗುವಷ್ಟು ಸಂದು, ಹಿಂದೆ ನಾಲ್ಕನೆಯ ಸಿಲಿಂಡರಿನ ಹತ್ತಿರ ಪೂರ್ತಿ ಮುಚ್ಚಿತ್ತು. ಸ್ಕ್ರೂಡ್ರೈವರಿನಿಂದ ಕೆದರಿದೆ. ಚಕ್ಕೆ ಎದ್ದು ಬಂತು, ಪದರು ಪದರಾಗಿ, ನಮ್ಮ ಅಂಗಳದ ಶಹಾಬಾದಿ ಪರಸಿಯ ಹಾಗೆಯೇ. ಅಡುಗೆ ಮನೆಯಿಂದ ಒಂದು ಲಿಂಬೆಹಣ್ಣು ತಂದು ಅದರ ಮೇಲೆ ಹಿಂಡಿದೆ. ಸುಂಯ್ ಎಂದು ನೊರೆ ಎದ್ದಿತು. ಭೂಗರ್ಭಶಾಸ್ತ್ರದವರು ಸುಣ್ಣಕಲ್ಲನ್ನು ಗುರುತಿಸುವ ಪರೀಕ್ಷೆಯೇ ಇದು. ಅವರು ತೆಳು ಆಮ್ಲದ ಹನಿ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ.

ಗಾಡಿ ಕಲ್ಲಾಗ್ತದ ಎಂದು ಚಾಚಾ ಹೇಳಿದ್ದು ಮಾತಿನ ಅಲಂಕಾರವಾಗಿರಲಿಲ್ಲ.

*

ನಮ್ಮ ಸೀಮೆಯನ್ನು ಕಟ್ಟಿದ್ದೂ ಈ ಸುಣ್ಣಕಲ್ಲೇ. ಭೀಮಾ ಕಣಿವೆಯ ಈ ಕಲ್ಲು ಶಹಾಬಾದಿನಲ್ಲಿ ತೆಳುವಾದ ಪದರಾಗಿ ಏಳುತ್ತದೆ. ಅದನ್ನು ಕತ್ತರಿಸಿ ಹಾಸಿದ ಮನೆ, ಗುಡಿ, ದರ್ಗಾ, ರೈಲ್ವೆ ಫಲಾಟು ದಕ್ಷಿಣ ಭಾರತದಲ್ಲೆಲ್ಲ ಸಿಗುತ್ತವೆ. ಅದೇ ಕಲ್ಲನ್ನು ಸುಟ್ಟರೆ ಸಿಮೆಂಟು. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಬೇರೆ ಕಂಪನಿಗಳ ಜೊತೆ ಸೇರಿ ಎ.ಸಿ.ಸಿ. ಆಯಿತು. ವಾಡಿಯ ಕಾರ್ಖಾನೆ 1968ರದು. ಆಮೇಲೆ ಸೇಡಮಿನಲ್ಲಿ, ಮಳಖೇಡದಲ್ಲಿ, ಚಿಂಚೋಳಿ ತಾಲೂಕಿನಲ್ಲಿ ಒಂದೊಂದಾಗಿ ಚಿಮಣಿಗಳು ಎದ್ದವು. ನೆಲಕ್ಕೆ ಪರಸಿ ಕೊಟ್ಟ, ಗೋಡೆಗೆ ಸಿಮೆಂಟು ಕೊಟ್ಟ ಆ ಕಲ್ಲೇ ನೆಲದೊಳಗಿನ ನೀರಿನಲ್ಲಿ ಕರಗಿ ನಮ್ಮ ಕೊಡಗಳಿಗೂ ಬರುತ್ತದೆ. ಚಹಾ ಕಾಸುವ ಪಾತ್ರೆಯ ತಳದ ಬಿಳಿ ಪೊರೆ ಅದೇ. ನೀರು ಕಾದಾಗ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಗೋಡೆಗೆ ಅಂಟುತ್ತದೆ. ದಿನಕ್ಕೊಂದು ಚೊಂಬಿನಂತೆ ನಾನು ಏಳು ವರ್ಷ ಆ ಎಂಜಿನಿಗೆ ಕಲ್ಲು ಉಣಿಸಿದ್ದೆ.

ಚಾಚಾನಿಗೆ ಇದು ಹೇಗೆ ಗೊತ್ತಿತ್ತು? ಈ ಪ್ರಶ್ನೆ ಹಿಡಿದು ಹೋದರೆ ವಾಡಿ ಸಿಗುತ್ತದೆ. ಮುಂಬಯಿಯಿಂದ ರಾಯಚೂರಿಗೆ ಹೋಗುವ ರೈಲು ಮಾರ್ಗ 1871ರಲ್ಲಿ ಪೂರ್ತಿಯಾಯಿತು. ಆ ಮಾರ್ಗದ ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರಿನ ಮೇಲೆ ಸಿಕಂದರಾಬಾದಿಗೆ ಹೋಗುವ ನಿಜಾಮನ ರೈಲು 1874ರಲ್ಲಿ ಓಡಿತು. ಉಗಿಬಂಡಿಗೆ ಕಲ್ಲಿದ್ದಲು ಎಷ್ಟು ಮುಖ್ಯವೋ ನೀರೂ ಅಷ್ಟೇ. ಗಡಸು ನೀರು ಕುಡಿದ ಬಾಯ್ಲರಿನ ಕೊಳವೆಗಳಿಗೆ ಸುಣ್ಣ ಕಟ್ಟುತ್ತದೆ, ಬೆಂಕಿಯ ಬಿಸಿ ನೀರಿಗೆ ದಾಟುವುದಿಲ್ಲ, ಕಬ್ಬಿಣ ಕಾದು ಕೆಡುತ್ತದೆ, ಕೆಲವೊಮ್ಮೆ ಬಾಯ್ಲರೇ ಸಿಡಿಯುತ್ತದೆ. ಹಾಗಾಗಿ ಎಲ್ಲ ಲೋಕೊ ಶೆಡ್ಡುಗಳಲ್ಲೂ ಗೊತ್ತಾದ ದಿನಗಳಿಗೊಮ್ಮೆ ಬಾಯ್ಲರ್ ತಣಿಸಿ, ಮುಚ್ಚಳ ಬಿಚ್ಚಿ, ಒಳಗಿನ ಸುಣ್ಣ ಕೆರೆದು ತೊಳೆಯುವ ಪದ್ಧತಿ ಇತ್ತು. ರೈಲಿನ ಇತಿಹಾಸ ಬರೆಯುವಾಗ ನಾವು ಗೇಜು, ಸಾಲ, ಒಪ್ಪಂದ ಬರೆಯುತ್ತೇವೆ. ಬಾಯ್ಲರ್ ತೊಳೆದವನಿಗೆ ತಿಳಿದಿದ್ದ ನೀರಿನ ಗುಣ ಅದರಲ್ಲಿ ಬರುವುದಿಲ್ಲ. ಅದು ಮಗನ ಬೆರಳ ತುದಿಯಲ್ಲಿ ಸುಲೇಪೇಟಕ್ಕೆ ಬಂದು, ನಮ್ಮ ಕಾರಿನ ರೆಡಿಯೇಟರಿನಲ್ಲಿ ಇಳಿದಿತ್ತು. ಕೇಳಿಸಿಕೊಳ್ಳಬೇಕಾಗಿದ್ದವನು ನಾನು.

*

ಸುಣ್ಣ ಸಿಕ್ಕಿತು. ಆದರೆ ಚಾಚಾನ ಕೆಲಸ ಕೆಟ್ಟಿರಲಿಲ್ಲ ಎನ್ನಲು ಅಷ್ಟೇ ಸಾಕೇ? ನೀರೂ ಕೆಟ್ಟಿರಬಹುದು, ಕೆಲಸವೂ ಕೆಟ್ಟಿರಬಹುದು. ಅದನ್ನೂ ನೋಡಬೇಕೆನಿಸಿತು.

ವಾಲ್‌ಗಳನ್ನು ಬಿಚ್ಚುವ ಮೊದಲು ಹೆಡ್ಡನ್ನು ಬೋರಲಿಟ್ಟು ನಾಲ್ಕೂ ಕುಳಿಗಳಲ್ಲಿ ಸೀಮೆಎಣ್ಣೆ ತುಂಬಿದೆ. ವಾಲ್ ತನ್ನ ಸೀಟಿನ ಮೇಲೆ ಸರಿಯಾಗಿ ಕೂತಿದ್ದರೆ ಎಣ್ಣೆ ನಿಲ್ಲುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಒಂದು ತಾಸು ಬಿಟ್ಟು ನೋಡಿದೆ. ಮೂರು ಕುಳಿಗಳಲ್ಲಿ ಎಣ್ಣೆ ತುಂಬಿದಷ್ಟೇ ಇತ್ತು. ಇಳಿದದ್ದು ನಾಲ್ಕನೆಯದರಲ್ಲಿ ಮಾತ್ರ, ನೀರಿನ ದಾರಿ ಪೂರ್ತಿ ಕಟ್ಟಿಹೋಗಿದ್ದ ಕಡೆ. ಅಲ್ಲಿ ಹೊಗೆ ವಾಲ್‌ನ ಅಂಚು ಸುಟ್ಟಿತ್ತು. ಮೂವತ್ತು ವರ್ಷದ ಹಿಂದೆ ಕೈಯಿಂದ ತಿಕ್ಕಿ ಕೂಡಿಸಿದ್ದ ವಾಲ್‌ಗಳು ಇವು.

ಸ್ಪ್ರಿಂಗ್ ಒತ್ತಿ ವಾಲ್‌ಗಳನ್ನು ತೆಗೆದು, ಅವುಗಳ ಮುಖದ ಮೇಲಿನ ಮಸಿಯನ್ನು ಬಿದಿರಿನ ಚಕ್ಕೆಯಿಂದ ಕೆರೆದೆ. ಮಸಿಯ ಕೆಳಗೆ ಏನೋ ಗೀಚಿದ್ದು ಕಂಡಿತು. ಒರೆಸಿ ಬಿಸಿಲಿಗೆ ಹಿಡಿದರೆ ಉರ್ದು ಅಂಕಿಗಳು. ಒಂದರಿಂದ ಎಂಟರವರೆಗೆ, ಯಾವ ವಾಲ್ ಯಾವ ಸೀಟಿಗೆ ಎಂದು ಸೂಜಿಯಂಥ ಮೊನೆಯಿಂದ ಕೆತ್ತಿದ್ದರು. ಉರ್ದುವಿನಲ್ಲಿ ಏಳು ಬರೆದರೆ ಇಂಗ್ಲಿಷಿನ ವಿ ಅಕ್ಷರದಂತೆ, ಎಂಟು ಬರೆದರೆ ಅದನ್ನೇ ಬೋರಲು ಹಾಕಿದಂತೆ. ಕಾಗದದ ಮೇಲೆ ತೊಂದರೆಯಿಲ್ಲ. ದುಂಡನೆಯ ವಾಲ್‌ನ ಮೇಲೆ ತಿರುಗಿಸಿದರೆ ಏಳೇ ಎಂಟು, ಎಂಟೇ ಏಳು. ಅದಕ್ಕೆಂದೇ ಅವರು ಎಂಟರ ಕೆಳಗೆ ಒಂದು ಚುಕ್ಕಿ ಹೊಡೆದಿದ್ದರು. ಯಾರೂ ನೋಡದ ಜಾಗದಲ್ಲಿ, ಮರುದಿನವೇ ಮಸಿ ಮುಚ್ಚಿಬಿಡುವ ಕಡೆ ಆ ಚುಕ್ಕಿ ಇಟ್ಟ ಮನುಷ್ಯನನ್ನು ನಾವು ಕೆಲಸಗೇಡಿ ಎಂದಿದ್ದೆವು.

*

ಹೆಡ್ ಎಷ್ಟು ಬಾಗಿದೆ ಎಂದು ಅಳೆಯಬೇಕಿತ್ತು. ನೇರವಾದ ಉಕ್ಕಿನ ಪಟ್ಟಿಯನ್ನು ಅದರ ಮೇಲೆ ನಿಲ್ಲಿಸಿ, ಕೆಳಗಿನ ಸಂದಿಗೆ ಫೀಲರ್ ಗೇಜಿನ ತೆಳು ಎಲೆಗಳನ್ನು ತೂರಿಸಿ ನೋಡುವುದು ಪದ್ಧತಿ. ಹಿಂದಿನ ತುದಿಯ ಹತ್ತಿರ 0.12 ಮಿ.ಮೀ. ಎಲೆ ಹೋಯಿತು. ಒಂದು ಕೂದಲೆಳೆಗಿಂತ ಸ್ವಲ್ಪ ಹೆಚ್ಚು. ಒಂದು ಸಂಸಾರದ ಕಥೆ ಅಷ್ಟು ಸಂದಿಯಲ್ಲಿ ಸಿಕ್ಕಿಕೊಂಡಿತ್ತು.

ಯಂತ್ರದ ಮೇಲೆ ಕೊಟ್ಟು ಸಪಾಟು ಮಾಡಿಸಬಹುದಿತ್ತು. ಮನೆಯಲ್ಲೇ ಮಾಡುವ ಹಟ ನನಗೆ. ಸಪಾಟಾದ ಒಂದು ನೆಲದ ಮೇಲೆ ಮರಳುಕಾಗದ ಹಾಸಿ, ನೀರು ಚಿಮುಕಿಸಿ, ಹೆಡ್ಡನ್ನು ಎಂಟರ ಆಕಾರದಲ್ಲಿ ತಿಕ್ಕಬೇಕು. ಸಪಾಟಾದ ನೆಲ ಎಲ್ಲಿ? ಕಾಲ ಕೆಳಗೇ ಶಹಾಬಾದಿ ಪರಸಿ ಇತ್ತು. ಇದ್ದುದರಲ್ಲಿ ನುಣುಪಾದ ಎರಡು ಕಲ್ಲು ಆರಿಸಿ, ನಡುವೆ ಪುಡಿ ಹಾಕಿ ಒಂದರ ಮೇಲೊಂದು ತಿಕ್ಕಿದೆ. ಸಂಜೆಯ ಹೊತ್ತಿಗೆ ಬೆಳಕೂ ನುಸುಳದಂತೆ ಎರಡೂ ಕೂಡಿಕೊಂಡವು. ಖುಷಿಯಾಯಿತು. ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ಒಂದು ಕಲ್ಲಿನ ಹೊಟ್ಟೆ ಉಬ್ಬಿತ್ತು, ಇನ್ನೊಂದರದು ತಗ್ಗಿತ್ತು. ಎರಡೂ ಸೊಟ್ಟ, ಆದರೆ ಒಂದರ ಸೊಟ್ಟಕ್ಕೆ ಇನ್ನೊಂದರ ಸೊಟ್ಟ ಸರಿಹೊಂದಿತ್ತು.

ಇಂಗ್ಲೆಂಡಿನ ಯಂತ್ರಶಿಲ್ಪಿಗಳಿಗೆ ಎದುರಾದದ್ದು ಇದೇ ಸಮಸ್ಯೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಲೇತು, ಪಿಸ್ಟನ್ನು, ಉಗಿಯ ವಾಲ್ವು ಎಲ್ಲಕ್ಕೂ ನಿಜವಾದ ಸಪಾಟು ಮೇಲ್ಮೈ ಬೇಕಿತ್ತು. ಅದನ್ನು ಅಳೆಯಲು ಅದಕ್ಕಿಂತ ಸಪಾಟಾದದ್ದು ಇನ್ನೊಂದು ಬೇಕು, ಅದು ಎಲ್ಲಿಂದ ಬರಬೇಕು? ಹೆನ್ರಿ ಮಾಡ್ಸ್ಲೆ ಅವರ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ಥ್ 1840ರಲ್ಲಿ ಗ್ಲಾಸ್ಗೊದ ವಿಜ್ಞಾನಿಗಳ ಸಭೆಯಲ್ಲಿ ಲೋಹದ ಸಮತಲಗಳ ಬಗ್ಗೆ ಒಂದು ಪ್ರಬಂಧ ಓದಿದ. ಉಪಾಯ ಸರಳ: ಎರಡಲ್ಲ, ಮೂರು ಫಲಕ ತಗೊಳ್ಳಿ. ಮೊದಲನೆಯದಕ್ಕೆ ಎರಡನೆಯದನ್ನು ಹೊಂದಿಸಿ, ಎರಡನೆಯದಕ್ಕೆ ಮೂರನೆಯದನ್ನು, ಮೂರನೆಯದಕ್ಕೆ ಮತ್ತೆ ಮೊದಲನೆಯದನ್ನು. ಬಣ್ಣ ಸವರಿ, ತಾಗಿದ ಉಬ್ಬುಗಳನ್ನಷ್ಟೇ ಕೆರೆಯುತ್ತ ಹೋಗಿ. ಎರಡು ಫಲಕಗಳು ಒಂದು ಉಬ್ಬು ಒಂದು ತಗ್ಗು ಆಗಿ ಒಪ್ಪಂದ ಮಾಡಿಕೊಳ್ಳಬಹುದು. ಮೂರೂ ಪರಸ್ಪರ ಕೂಡಬೇಕೆಂದರೆ ಮೂರೂ ಸಪಾಟಾಗಿರಲೇಬೇಕು, ಬೇರೆ ದಾರಿಯಿಲ್ಲ. ಈಗಿನ ಎಲ್ಲ ಕರಾರುವಾಕ್ಕು ಯಂತ್ರಗಳ ಹಿಂದೆ ಈ ಮೂರು ಫಲಕಗಳಿವೆ.

ಆ ರಾತ್ರಿ ಕಲ್ಲುಗಳ ಮುಂದೆ ಕೂತಾಗ ಎಂಜಿನಿನ ವಿಚಾರ ತಲೆಯಲ್ಲಿರಲಿಲ್ಲ. ಎರಡು ಆಕರಗಳು ಒಂದೇ ಮಾತು ಹೇಳಿದರೆ ಅದನ್ನು ನಂಬಬಹುದು ಎಂದು ನಾನು ಹುಡುಗರಿಗೆ ಪಾಠ ಮಾಡುತ್ತಾ ಬಂದಿದ್ದೇನೆ. ನಮ್ಮ ಮನೆಯಲ್ಲಿ ಎರಡು ಆಕರ ಇದ್ದವು, ಅಪ್ಪ ಮತ್ತು ನಾನು. ಮೂವತ್ತು ವರ್ಷ ಒಂದೇ ಮಾತು ಹೇಳಿದೆವು. ಅವರ ಸಿಟ್ಟಿಗೆ ನನ್ನ ಸುಳ್ಳು ಬೆಳಕೂ ನುಸುಳದಂತೆ ಹೊಂದಿಕೊಂಡಿತ್ತು. ಮೂರನೆಯ ಮಾತು ಒಂದಿತ್ತು, ಬಸ್ ಸ್ಟ್ಯಾಂಡಿನಲ್ಲಿ ತಲೆ ಬಗ್ಗಿಸಿ ನಿಂತವರದು. ಅದನ್ನು ನಾವು ಹೊಂದಿಸಿ ನೋಡಲೇ ಇಲ್ಲ. ನಮ್ಮ ಕಡೆಯ ಇತಿಹಾಸವನ್ನು ಸುಲ್ತಾನರ, ನಿಜಾಮರ, ಅಧಿಕಾರಿಗಳ ಕಾಗದಗಳಿಂದ ಬರೆಯುವಾಗಲೂ ಇದೇ ಆಗುತ್ತದೆಯೇನೋ. ಕಾಗದಕ್ಕೆ ಕಾಗದ ಕೂಡುತ್ತದೆ. ಬಾಯ್ಲರ್ ತೊಳೆದವನನ್ನು ಯಾರೂ ಕೇಳಿರುವುದಿಲ್ಲ.

ಮೂರನೆಯ ಪರಸಿ ತಿಕ್ಕುವಷ್ಟು ತೋಳಿನ ಬಲ ನನಗಿರಲಿಲ್ಲ. ಸೇಡಮಿನಿಂದ 12 ಮಿ.ಮೀ. ದಪ್ಪದ ಗಾಜು ತಂದೆ. ಕರಗಿದ ತವರದ ಮೇಲೆ ತೇಲಿಸಿ ಮಾಡುವ ಈ ಕಾಲದ ಗಾಜು ಕಲ್ಲಿಗಿಂತ ಎಷ್ಟೋ ಸಪಾಟು. ಎರಡು ದಿನ, ಒರಟು ಕಾಗದದಿಂದ ನುಣುಪು ಕಾಗದದವರೆಗೆ ತಿಕ್ಕಿದೆ. ಹೆಡ್ಡಿನ ಮೇಲೆ ಪೆನ್ಸಿಲಿನಿಂದ ಗೀಚಿದ್ದ ಚೌಕಗಳೆಲ್ಲ ಒಂದೇ ಸಮ ಅಳಿದಾಗ ನಿಲ್ಲಿಸಿದೆ. ಲಿಂಬೆ ಉಪ್ಪಿನ ಬಿಸಿ ನೀರಿನಲ್ಲಿ ನೆನೆಹಾಕಿ ನೀರಿನ ದಾರಿಗಳನ್ನು ಬಿಡಿಸಿದೆ. ಜೋರಾದ ಆಸಿಡ್ಡು, ಕಾಸ್ಟಿಕ್ ಸೋಡಾ ಎರಡೂ ಅಲ್ಯೂಮಿನಿಯಂನ್ನೇ ತಿಂದುಬಿಡುತ್ತವೆ. ಸುಟ್ಟ ವಾಲ್ ಒಂದನ್ನು ಕಲಬುರಗಿಯಲ್ಲಿ ಹುಡುಕಿ ತಂದು, ಪೇಸ್ಟ್ ಹಚ್ಚಿ, ರಬ್ಬರಿನ ಹಿಡಿಕೆಯನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆಯುವಂತೆ ಹಿಂದುಮುಂದು ತಿರುಗಿಸಿ ಅದರ ಸೀಟಿಗೆ ಕೂಡಿಸಿದೆ. ಉಳಿದ ಏಳನ್ನು ಅವರ ಅಂಕಿಯ ಪ್ರಕಾರವೇ ಮರಳಿ ಹಾಕಬೇಕಿತ್ತು.

*

ಅಪ್ಪ ಅಷ್ಟೂ ದಿನ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ವಾಲ್‌ಗಳನ್ನು ಹಾಕುವ ಮೊದಲು ಅವನ್ನು ಅವರ ಮುಂದೆ ಸಾಲಾಗಿ ಇಟ್ಟು, ಸುಣ್ಣದ ಚಕ್ಕೆಯನ್ನು ಪಕ್ಕದಲ್ಲಿಟ್ಟು, ಬೋರಿಂಗಿನ ವಿಚಾರ ಹೇಳಿದೆ. ನಲವತ್ತೆಂಟು ವರ್ಷದವನ ಬಾಯಲ್ಲಿ ಹುಡುಗನ ಮಾತು ಬರುತ್ತಿತ್ತು. ಅಪ್ಪ ಉರ್ದು ಓದಬಲ್ಲವರು, ಹೈದರಾಬಾದ್ ಸಂಸ್ಥಾನದಲ್ಲಿ ಅಕ್ಷರ ಕಲಿತ ತಲೆಮಾರು. ಒಂದೊಂದೇ ವಾಲ್ ಎತ್ತಿ ಕಣ್ಣಿಗೆ ಹತ್ತಿರ ಹಿಡಿದು, ಏಕ್, ದೋ, ತೀನ್ ಎಂದು ಎಣಿಸಿದರು. ಎಂಟರ ಚುಕ್ಕಿಯ ಮೇಲೆ ಉಗುರಾಡಿಸಿದರು.

"ಅವತ್ತ್ಯಾಕ ಹೇಳಲಿಲ್ಲ ನೀ?"

ನನ್ನಲ್ಲಿ ಉತ್ತರವಿರಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಸಂಜೆ ಧೋತರ ಉಟ್ಟು, ಟೋಪಿ ಹಾಕಿಕೊಂಡು ಹೊರಗೆ ಬಂದು, "ನಡಿ, ಅವನ ಮಗನ ಅಂಗಡಿಗೆ ಹೋಗಮು" ಎಂದರು.

ಚಾಚಾನ ಮಗ ಬಸ್ ಸ್ಟ್ಯಾಂಡಿನ ಹತ್ತಿರವೇ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಪ್ಪನನ್ನು ಕಂಡು ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟ. ಅಪ್ಪ ಕೂರಲಿಲ್ಲ. ಮೂವತ್ತು ವರ್ಷದ ಹಿಂದೆ ನಿಂತ ಜಾಗದಲ್ಲೇ ನಿಂತು, ಅಕ್ಕಪಕ್ಕದ ಅಂಗಡಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ನಿಮ್ಮ ಅಬ್ಬಾಗ ಇಲ್ಲೇ ನಿಂತು ನಾ ಬೈದಿದ್ದೆ. ತಪ್ಪು ನಮ್ಮದಿತ್ತು. ಅವನ ಕೆಲಸ ಛಲೋ ಇತ್ತು." ಆ ಹುಡುಗನಿಗೆ, ಅವನೂ ಈಗ ನಲವತ್ತು ದಾಟಿದವನು, ಏನು ಹೇಳಬೇಕೋ ತಿಳಿಯಲಿಲ್ಲ. ನಾನು ಕಿಸೆಯಿಂದ ಎಂಟನೆಯ ವಾಲ್ ತೆಗೆದು ಕೊಟ್ಟೆ. ಬೆಳಕಿಗೆ ಹಿಡಿದು ನೋಡಿ, "ಅಬ್ಬಾನ ಕೈ ಅದ ಇದು" ಎಂದ. ಬಹಳ ಹೊತ್ತು ಅದನ್ನು ವಾಪಸು ಕೊಡಲಿಲ್ಲ.

ಮರುದಿನ ಟಾರ್ಕ್ ರೆಂಚ್ ಹಿಡಿದು ಅವನೇ ಬಂದ. ಹೊಸ ಗ್ಯಾಸ್ಕೆಟ್ ಇಟ್ಟು ಹೆಡ್ ಕೂಡಿಸಿದೆವು. ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಅವನು ಬೋಲ್ಟ್ ಬಿಗಿದ. ಎಣ್ಣೆ ಹಾಕಿ, ಪ್ಲಗ್ ಹಾಕಿ, ಹೊಸ ಬ್ಯಾಟರಿಯ ತಂತಿ ಸಿಕ್ಕಿಸಿದ ಮೇಲೆ ನಾನು ನೀರಿನ ಕೊಡ ಎತ್ತಿಕೊಂಡು ಬಂದೆ. ಅವನು ರೆಡಿಯೇಟರಿನ ಮುಚ್ಚಳದ ಮೇಲೆ ಕೈ ಇಟ್ಟು ತಡೆದ.

"ಅಣ್ಣ, ನೀರ್ ಯಾವ್ದು?"

ಮಳೆಯದು ಎಂದೆ. ಹಿಂದಿನ ವಾರ ಮೊದಲ ಮಳೆ ಬಿದ್ದಾಗ ಮಾಳಿಗೆಯ ದೋಣಿಯ ಕೆಳಗೆ ಕೊಡ ಇಟ್ಟು ಹಿಡಿದಿದ್ದೆ. ಅವನು ಅಪ್ಪನ ಕಡೆ ನೋಡಿದ. ಅಪ್ಪ, "ಹೌದು, ನಾ ನೋಡೀನಿ" ಎಂದರು. ಅವನು ಅಷ್ಟಕ್ಕೆ ಬಿಡಲಿಲ್ಲ. ಕೊಡದಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ನೋಡಿದ. ಆಮೇಲೆ ಮುಚ್ಚಳ ತೆಗೆದ.